ಯುಗಾದಿಗೆ ಕಡಿಮೆ ಬಟ್ಟೆ, ಬಾಳಿಕೆ ಬರೋ ಬಟ್ಟೆ: ಏನು ನೋಡಿ ತಗೋಬೇಕು?

ಹೊಂಗೆಚಿಗುರು, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ನಮ್ಮ ಬೀದಿಯ ಹೊಂಗೆ ಮರ ಹಳೇ ಎಲೆ ಉದುರಿಸಿ ಎಳೆಹಸಿರು ಚಿಗುರು ಬಿಟ್ಟಿದೆ. ಈ ಸಲ ಯುಗಾದಿ ಮಾರ್ಚ್ 19ಕ್ಕೇ ಬಂದಿದೆ. ಹೋದ ಭಾನುವಾರ ಬೀರು ಖಾಲಿ ಮಾಡಿ ಎಲ್ಲಾ ಮಂಚದ ಮೇಲೆ ಸುರಿದೆ. ನನ್ನದೇ 23 ಕುರ್ತಾ ಇವೆ. ಅದರಲ್ಲಿ ನಿಜವಾಗಿ ಹಾಕೋದು ಐದೋ ಆರೋ. ಹೋದ ವರ್ಷ ಆನ್‌ಲೈನ್‌ನಲ್ಲಿ ಹಬ್ಬದ ರಿಯಾಯಿತಿ ಅಂತ ಒಟ್ಟಿಗೆ ನಾಲ್ಕು ತರಿಸಿದ್ದೆ. ಎರಡು ಒಗೆತಕ್ಕೆ ಒಂದರ ಪಕ್ಕದ ಹೊಲಿಗೆ ಸೊಟ್ಟಗೆ ತಿರುಗಿ ಹೊಟ್ಟೆ ಮೇಲೆ ಬಂತು, ಇನ್ನೊಂದರ ಕಂಕುಳು ಬಿಟ್ಟಿತು. ಮಿಕ್ಕೆರಡು "ಕಾಟನ್" ಅಂತ ಬರೆದಿದ್ದರೂ ಏಪ್ರಿಲ್‌ನಲ್ಲಿ ಬಸ್ಸಿನಲ್ಲಿ ಕೂತರೆ ಬೆನ್ನಿಗೆ ಅಂಟಿಕೊಳ್ಳುತ್ತೆ.

ನಮ್ಮಜ್ಜಿ ಹತ್ರ ಇದ್ದದ್ದು ಒಟ್ಟು ಎಂಟು ಸೀರೆ. ನನಗೆ ಗೊತ್ತಿರೋ ಹಾಗೆ ಒಂದೂ ಅವಧಿಗೆ ಮುಂಚೆ ಹರಿಯಲಿಲ್ಲ. ಹರಿದ ಮೇಲೂ ಅವು ಕೌದಿ ಆದವು, ಆ ಕೌದಿ ಹೊದ್ದು ನಾನು ಬೆಳೆದೆ.

ಅದಕ್ಕೇ ಈ ಸಲ ಮನೆಯಲ್ಲಿ ಮಾತಾಡಿಕೊಂಡಿದ್ದೀವಿ: ಮೂವರಿಗೂ ಸೇರಿ ಹತ್ತು ಸಾವಿರ ರೂಪಾಯಿ, ಅಷ್ಟೇ. ನನಗೆ ಒಂದು ಸೀರೆ, ಒಂದು ಕುರ್ತಾ. ಯಜಮಾನರಿಗೆ ಒಂದು ಶರ್ಟು, ಒಂದು ಪಂಚೆ. ಏಳು ವರ್ಷದ ಮಗಳಿಗೆ ಲಂಗ. ಹಬ್ಬಕ್ಕೂ ಆಗಬೇಕು, ಬೇಸಿಗೆ ಪೂರ್ತಿ ಉಡೋಕೂ ಆಗಬೇಕು, ಐದು ವರ್ಷ ಬರಬೇಕು. ಅಂಗಡಿಯಲ್ಲಿ ಏನು ನೋಡಬೇಕು ಅಂತ ತಿಳಿದವರು ಹೇಳಿಕೊಡಿ.

ತೋಪುತೆನೆ, ಬಾಗಲಕೋಟೆ

ಅಕ್ಕಾರ, ಸೀರಿ ವಿಷಯ ನನಗ ಬಿಡ್ರಿ. ನಮ್ಮದು ನೇಕಾರ ಮನಿತನ. ಅಪ್ಪ ಇವತ್ತಿಗೂ ಮಗ್ಗದ ಕುಣಿಯೊಳಗ ಕಾಲ ಇಟ್ಟು ಕೂಡ್ತಾರ.

ನಿಮ್ಮ ರೊಕ್ಕದಾಗ, ನಿಮ್ಮ ಬೇಸಗಿಗೆ, ಹತ್ತಿ ಇಳಕಲ್ಲ ಸೀರಿ ತಗೋರಿ. ಒಡಲು ಹತ್ತಿ, ಸೆರಗು ಮತ್ತ ದಡಿ ರೇಷ್ಮಿ ಇಲ್ಲಾ ಆರ್ಟ್ ಸಿಲ್ಕ್ (ಕೃತಕ ರೇಷ್ಮಿ). ನೇಯೋ ರೀತಿ ತಿಳಕೊಂಡ್ರ ಬೆಲಿ ಯಾಕ ಅಷ್ಟು ಅನ್ನೋದೂ ತಿಳಿತದ. ಬ್ಯಾರೆ ಸೀರಿ ಆದ್ರ ಉದ್ದಕ ಒಂದ ಹಾಸು (ಮಗ್ಗದ ಮ್ಯಾಲಿನ ಉದ್ದನ ಎಳಿ) ಹಾಕಿ ಹತ್ತಾರು ಸೀರಿ ನೇದು ಕತ್ತರಿಸಬಹುದು. ನಮ್ಮಲ್ಲಿ ಒಡಲಿನ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ. ಒಡಲಿನ ಒಂದೊಂದು ಎಳಿ ಕುಣಿಕಿ ಮಾಡಿ ಸೆರಗಿನ ಎಳಿಗೆ ಸಿಗಿಸಬೇಕು. ಇದಕ್ಕ ಕೊಂಡಿ ಹಾಕೋದು ಅಂತೀವಿ. ಹಿಂಗಾಗಿ ತೋಪುತೆನಿ ಅನ್ನೋ ತೆನಿ ಚಿತ್ತಾರದ ಸೆರಗಿನ ಸೀರಿ ಬೇಕಂದ್ರ ಒಂದೊಂದು ಸೀರಿಗೂ ಹೊಸದಾಗಿ ಹಾಸು ತಯಾರ ಮಾಡಬೇಕು. ಆ ಕೆಲಸ ಮನಿ ಹೆಣ್ಮಕ್ಕಳು ಮಾಡ್ತಾರ. ನಮ್ಮವ್ವನ ಬೆರಳ ತುದಿ ನೋಡಿದ್ರ ನಿಮಗ ಗೊತ್ತಾಗ್ತದ.

ಅಂಗಡಿಯೊಳಗ ಸೆರಗು ಪೂರ್ತಿ ಬಿಡಿಸಿ ನೋಡ್ರಿ. ಕೆಂಪು ಸೆರಗಿನ ಮ್ಯಾಲೆ ಬಿಳಿ ತೆನಿ ನೇಯ್ದದ್ದಿರಬೇಕು, ಅಚ್ಚು ಒತ್ತಿದ್ದಲ್ಲ. ಒಡಲು ಮತ್ತ ಸೆರಗು ಕೂಡೋ ಜಾಗಾದಾಗ ಬೆರಳಾಡಸ್ರಿ, ಕೊಂಡಿ ಹಾಕಿದ್ದು ಕೈಗೆ ಹತ್ತತದ. ದಡಿಯೊಳಗ ಗೋಮಿ, ಗಾಯತ್ರಿ, ಚಿಕ್ಕಿಪರಾಸ ಅಂತ ಅದಾವು, ನಿಮ್ಮ ಕಣ್ಣಿಗೆ ಹಿಡಿಸಿದ್ದು ತಗೋರಿ. ಮೊದಲನೇ ಇಳಕಲ್ಲ ಅಂದ್ರ ನನ್ನ ಮಾತು ದಾಳಿಂಬಿ ಬಣ್ಣ. ಅದರ ಮ್ಯಾಲೆ ಗುಳೇದಗುಡ್ಡದ ಖಣದ ಕುಬಸ ಹೊಲಿಸ್ರಿ. ಹಬ್ಬದ ದಿನ ಬಂಗಾರ ಇಲ್ಲದಿದ್ರೂ ನಡೀತದ.

ಒಂದು ಮಾತು. ಪವರ್‌ಲೂಮ್‌ನಾಗೂ ಇಳಕಲ್ಲ ಅಂತ ಬರ್ತದ, ಪೂರಾ ಪಾಲಿಯೆಸ್ಟರಿನದೂ ಬರ್ತದ, ಆರುನೂರಕ್ಕೂ ಸಿಗ್ತದ. ಅದನ್ನ ತಗೊಂಡವರನ್ನ ನಾ ಬೈಯಂಗಿಲ್ಲ. ಆದ್ರ ಕೈಮಗ್ಗ ಅಂತ ಹೇಳಿ ಅದನ್ನ ಮಾರಿದಾಗ ನಮ್ಮಪ್ಪನ ಮೂರ್ನಾಲ್ಕು ದಿನದ ದುಡಿಮಿಗೆ ಬೆಲಿ ಇಲ್ಲದಂಗ ಆಗ್ತದ. ಹ್ಯಾಂಡ್‌ಲೂಮ್ ಮಾರ್ಕ್ ಚೀಟಿ (ಕೈಮಗ್ಗದ್ದು ಅಂತ ಸರ್ಕಾರದ ಗುರುತು) ಕೇಳ್ರಿ. 2006ರಿಂದ ಕೊಡ್ಲಿಕತ್ತಾರ.

ಪೀಸ್ ಚೆಕಿಂಗ್, ಬೊಮ್ಮನಹಳ್ಳಿ

ನಾನು ಗಾರ್ಮೆಂಟ್ಸ್‌ನಲ್ಲಿ 14 ವರ್ಷದಿಂದ ಇದ್ದೀನಿ. ಆರು ವರ್ಷ ಮಿಷನ್ ಮೇಲೆ, ಆಮೇಲೆ ಚೆಕಿಂಗ್. ದಿನಕ್ಕೆ ನೂರಾರು ಪೀಸು ಕೈಯಲ್ಲಿ ಹಾದು ಹೋಗುತ್ತೆ. ಮೇಡಂ, ಬಟ್ಟೆಯ ಸತ್ಯ ಇರೋದು ಒಳಮಗ್ಗುಲಲ್ಲಿ. ಅಂಗಡಿಯಲ್ಲಿ ಎಲ್ಲರೂ ಕನ್ನಡಿ ಮುಂದೆ ಹಿಡಿದು ನೋಡ್ತಾರೆ, ಒಳಗು ತಿರುಗಿಸಿ ನೋಡೋರು ನೂರಕ್ಕೆ ಒಬ್ಬರು.

ಮೊದಲು ನಿಮ್ಮ ಸೊಟ್ಟ ಕುರ್ತಾ. ಅದು ನೀವು ಒಗೆದದ್ದರ ತಪ್ಪಲ್ಲ. ಬಟ್ಟೆಗೆ ಉದ್ದದ ಎಳೆ ಅಂತ ಒಂದಿರುತ್ತೆ. ಕುರ್ತಾ ಕತ್ತರಿಸುವಾಗ ಆ ಎಳೆ ಕತ್ತಿನಿಂದ ಅಂಚಿಗೆ ನೇರವಾಗಿ ಇಳಿಯಬೇಕು. ಬಟ್ಟೆ ಉಳಿಸೋಕೆ ಪ್ಯಾಟರ್ನನ್ನ ಸ್ವಲ್ಪ ಓರೆ ಮಾಡಿ ಇಟ್ಟು ಕತ್ತರಿಸಿದರೆ ಒಂದು ಪೀಸಿಗೆ ಅರ್ಧ ಇಂಚು ಉಳಿಯಬಹುದು, ಸಾವಿರ ಪೀಸಿಗೆ ಅದು ದೊಡ್ಡ ಲೆಕ್ಕ. ಇಸ್ತ್ರಿ ಮಾಡಿ ಮಡಚಿಟ್ಟಾಗ ಏನೂ ಗೊತ್ತಾಗಲ್ಲ. ನೀರಿಗೆ ಬಿದ್ದ ತಕ್ಷಣ ಎಳೆ ತನ್ನ ದಾರಿಗೆ ಹೋಗುತ್ತೆ, ಹೊಲಿಗೆಯನ್ನೂ ಎಳೆದುಕೊಂಡು ಹೋಗುತ್ತೆ. ಟೀ ಶರ್ಟಿನಲ್ಲಿ ಇದೇ ತೊಂದರೆ ನೂಲಿನ ಹುರಿಯಿಂದ ಬರುತ್ತೆ, ಅದು ಬೇರೆ. ಅಂಗಡಿಯಲ್ಲಿ ಕುರ್ತಾನ ಎರಡು ಭುಜ ಹಿಡಿದು ನೇತುಬಿಡಿ. ಪಕ್ಕದ ಹೊಲಿಗೆ ನೇರ ಕೆಳಗೆ ಬಿದ್ದಿದೆಯಾ, ಬಟ್ಟೆಯ ಎಳೆ ಅದರ ಜೊತೆಜೊತೆಗೇ ಇಳಿದಿದೆಯಾ ನೋಡಿ. ಗೀಟಿನ ಬಟ್ಟೆ, ಚೌಕುಳಿ ಬಟ್ಟೆ ಆದರೆ ಇನ್ನೂ ಸುಲಭ.

ಆಮೇಲೆ ಒಳಗು ತಿರುಗಿಸಿ. ಒಂದು ಇಂಚಿಗೆ ಎಷ್ಟು ಹೊಲಿಗೆ ಬಿದ್ದಿದೆ ಎಣಿಸಿ. ತೆಳು ಹತ್ತಿ ಶರ್ಟಿಗೆ, ಕುರ್ತಾಗೆ 10ರಿಂದ 12 ಇರಬೇಕು. ಏಳೋ ಎಂಟೋ ಇದ್ದರೆ ಟಾರ್ಗೆಟ್ ಮುಗಿಸೋಕೆ ಉದ್ದ ಹೊಲಿಗೆ ಹಾಕಿದ್ದಾರೆ. ಹೊಲಿಗೆಯ ಎರಡೂ ಕಡೆ ಬಟ್ಟೆ ಹಿಡಿದು ಮೆಲ್ಲಗೆ ಎಳೆಯಿರಿ. ನಡುವೆ ದಾರ ಏಣಿ ಮೆಟ್ಟಿಲ ಥರ ಕಾಣಿಸಿದರೆ ಕಂಕುಳು ಬಿಡೋದು ಖಂಡಿತ. ಹೊಲಿಗೆಯ ಆಚೆ ಎಷ್ಟು ಬಟ್ಟೆ ಬಿಟ್ಟಿದ್ದಾರೆ ಅನ್ನೋದು ಬಹಳ ಮುಖ್ಯ. ಅರ್ಧ ಇಂಚಾದರೂ ಇದ್ದರೆ ನಾಳೆ ದಪ್ಪ ಆದರೆ ಬಿಚ್ಚಿ ಸಡಿಲ ಮಾಡಿಸಬಹುದು. ಓವರ್‌ಲಾಕ್ (ಅಂಚು ಸುತ್ತೋ ಹೊಲಿಗೆ) ಹಾಕಿ ಅಂಚಿಗೇ ಕತ್ತರಿಸಿಬಿಟ್ಟಿದ್ದರೆ ಆ ಕುರ್ತಾ ಬೆಳೆಯಲ್ಲ. ಒಳ್ಳೇ ಶರ್ಟಿನ ಪಕ್ಕದ ಹೊಲಿಗೆಯಲ್ಲಿ ಕತ್ತರಿಸಿದ ಅಂಚೇ ಕಾಣದ ಹಾಗೆ ಒಳಗೆ ಮಡಚಿ ಎರಡು ಸಾಲು ಹಾಕಿರುತ್ತಾರೆ. ಜೀನ್ಸ್ ಪ್ಯಾಂಟಿನ ಕಾಲಿನ ಒಳಭಾಗ ನೋಡಿದ್ದೀರಲ್ಲ, ಹಾಗೆ. ಅಂಥದ್ದು ಹರಿಯೋಕೆ ಮುಂಚೆ ಬಟ್ಟೆಯೇ ಸವೆಯುತ್ತೆ.

ಗುಂಡಿ. ಮಿಷನ್ ಗುಂಡಿ ಒಂದೇ ದಾರದ ಸರಪಳಿ ಹೊಲಿಗೆಯಲ್ಲಿ ಕೂತಿರುತ್ತೆ, ತುದಿ ಎಳೆದರೆ ಪೂರ್ತಿ ಬಿಚ್ಚಿಕೊಳ್ಳುತ್ತೆ. ಹೊಸ ಶರ್ಟು ಮನೆಗೆ ತಂದ ದಿನವೇ ಎಲ್ಲಾ ಗುಂಡಿಗೂ ಸೂಜಿ ದಾರದಲ್ಲಿ ಇನ್ನೆರಡು ಸುತ್ತು ಹಾಕಿ ಗಂಟು ಹೊಡೆದುಬಿಡಿ. ಹತ್ತು ನಿಮಿಷದ ಕೆಲಸ. ಕಾಜಾ ಒಳಗಿಂದ ದಾರ ಬಿಟ್ಟಿದೆಯಾ ನೋಡಿ. ಕಾಲರ್ ಹಿಡಿದು ಬೆರಳಲ್ಲಿ ಉಜ್ಜಿ. ಒಳಗಿನ ಅಂಟುಬಟ್ಟೆ ಸರಿಯಾಗಿ ಕೂತಿಲ್ಲ ಅಂದರೆ ನಾಲ್ಕನೇ ಒಗೆತಕ್ಕೆ ಗುಳ್ಳೆ ಏಳುತ್ತೆ, ಅದಕ್ಕೆ ಮದ್ದಿಲ್ಲ.

ಇಷ್ಟೆಲ್ಲಾ ಹೇಳಿದ್ದು ಯಾಕೆ ಅಂದರೆ, ನಮ್ಮ ಹುಡುಗಿಯರಿಗೆ ಚೆನ್ನಾಗಿ ಹೊಲಿಯೋಕೆ ಬರುತ್ತೆ. ಸಮಯ ಕೊಟ್ಟರೆ ಕಣ್ಣಿಗೊತ್ತಿಕೊಳ್ಳೋ ಹಾಗೆ ಹೊಲಿತಾರೆ. ನೀವು ಒಳಗು ತಿರುಗಿಸಿ ನೋಡೋದು ಶುರು ಮಾಡಿದರೆ ಆ ಸಮಯ ಅವರಿಗೆ ಸಿಗಬಹುದು.

ಹೊಂಗೆಚಿಗುರು, ಬೆಂಗಳೂರು

ಅಕ್ಕಾ, ಇದನ್ನ ಓದಿ ಎದ್ದು ಹೋಗಿ ಬೀರುವಿನಿಂದ ನಾಲ್ಕು ಕುರ್ತಾ ತೆಗೆದು ಎಣಿಸಿದೆ. ಏಳು, ಏಳು, ಎಂಟು, ಹತ್ತು. ಆ ಹತ್ತು ಇರೋದೇ ನಾನು ಆರು ವರ್ಷದಿಂದ ಹಾಕ್ಕೊಳ್ತಿರೋದು!

"ಕಾಟನ್" ಅಂತ ಬರೆದಿದ್ದು ನಿಜವಾಗಿ ಹತ್ತಿಯಾ ಅಂತ ಮನೆಯಲ್ಲಿ ತಿಳಿಯೋ ದಾರಿ ಇದೆಯಾ?

ಪೀಸ್ ಚೆಕಿಂಗ್, ಬೊಮ್ಮನಹಳ್ಳಿ

ಒಳ ಹೊಲಿಗೆಯ ಹತ್ತಿರ ನಾಲ್ಕೈದು ಎಳೆ ಕಿತ್ತು, ಚಿಮಟದಲ್ಲಿ ಹಿಡಿದು, ಸಿಂಕಿನ ಮೇಲೆ ಬೆಂಕಿ ತಾಗಿಸಿ. ಹತ್ತಿ ಆದರೆ ಕಾಗದ ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿಯಾಗುತ್ತೆ. ರೇಷ್ಮೆ ಆದರೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿ ಆಗುತ್ತೆ, ಕಪ್ಪು ಹೊಗೆ ಬರುತ್ತೆ. ಹತ್ತಿ, ಪಾಲಿಯೆಸ್ಟರ್ ಎರಡೂ ಬೆರೆಸಿದ್ದರೆ ಉರಿಯೋದೂ ಉರಿಯುತ್ತೆ, ಬೂದಿಯಲ್ಲಿ ಗಟ್ಟಿ ಚೂರೂ ಸಿಗುತ್ತೆ. ಮಕ್ಕಳು ಪಕ್ಕ ಇರಬಾರದು. ರೇಯಾನ್ ಮಾತ್ರ ಹತ್ತಿ ಹಾಗೇ ಸುಡುತ್ತೆ, ಅದನ್ನ ಈ ಪರೀಕ್ಷೆಯಲ್ಲಿ ಬೇರೆ ಮಾಡೋಕೆ ಆಗಲ್ಲ. ರೇಯಾನ್ ಒದ್ದೆಯಾದಾಗ ಬಲ ಕಳಕೊಳ್ಳುತ್ತೆ, ಹಿಂಡಬೇಡಿ.

ನೂಲಿನ ಲೆಕ್ಕ, ಮೈಸೂರು

ಬೆನ್ನಿಗೆ ಅಂಟೋದರ ಕಾರಣ ಹೇಳ್ತೀನಿ. ನಾನು ಜವಳಿ ಓದಿದವನು. ಪ್ರತಿ ನಾರಿಗೂ ಗಾಳಿಯಿಂದ ತೇವ ಹೀರಿಕೊಳ್ಳೋ ಒಂದು ಮಿತಿ ಇದೆ. ಪ್ರಯೋಗಾಲಯದ ಸಾಮಾನ್ಯ ಹವೆಯಲ್ಲಿ, ಒಣ ತೂಕಕ್ಕೆ ಹೋಲಿಸಿದರೆ, ಹತ್ತಿ ಸುಮಾರು ಶೇ. 8.5, ರೇಷ್ಮೆ 11, ಲಿನನ್ 12, ಉಣ್ಣೆ 16. ಪಾಲಿಯೆಸ್ಟರ್ ಶೇ. 0.4 ಮಾತ್ರ. ಬೆವರನ್ನ ನಾರು ತನ್ನೊಳಗೆ ಎಳೆದುಕೊಳ್ಳದಿದ್ದರೆ ಅದು ಬೆನ್ನ ಮೇಲೇ ಉಳಿಯುತ್ತೆ. ಕ್ರೀಡೆಯ ಬನಿಯನ್ನುಗಳು ಪಾಲಿಯೆಸ್ಟರ್ ಆದರೂ ನಡೆಯೋದು ನೇಯ್ಗೆಯ ರಚನೆಯಿಂದ. ನಿಮ್ಮ ಕುರ್ತಾದ ಬಿಗಿ ನೇಯ್ಗೆಯಲ್ಲಿ ಆ ಅನುಕೂಲ ಇಲ್ಲ.

ಯಜಮಾನರ ಪಂಚೆಗೆ ಅಂಗಡಿಯವರು 60, 80, 100 ಅಂತ ನಂಬರ್ ಹೇಳ್ತಾರೆ. ಅದು ನೂಲಿನ ಕೌಂಟ್: 840 ಗಜದ ಲಡಿಗಳು ಎಷ್ಟು ಸೇರಿದರೆ ಒಂದು ಪೌಂಡ್ ತೂಗುತ್ತೆ ಅನ್ನೋ ಲೆಕ್ಕ. ನಂಬರ್ ಹೆಚ್ಚಿದಷ್ಟೂ ನೂಲು ಸಪೂರ. 100ರ ಪಂಚೆ ನವಿರು, ಹಬ್ಬಕ್ಕೆ ಚಂದ. ದಿನಾ ಉಡೋರಿಗೆ 80 ಸಾಕು, ಮೊಣಕಾಲ ಹತ್ತಿರ ಬೇಗ ಸವೆಯಲ್ಲ. ಕಚ್ಚೆ ಹಾಕೋದಿದ್ದರೆ ಎಂಟು ಮೊಳದ್ದು ತಗೊಳ್ಳಿ, ಸುಮ್ಮನೆ ಸುತ್ತಿಕೊಳ್ಳೋಕೆ ನಾಲ್ಕು ಮೊಳ.

ಚರಕದ ಮೇಷ್ಟ್ರು, ಧಾರವಾಡ

ನಾನು ನಿವೃತ್ತ ಶಿಕ್ಷಕ. 41 ವರ್ಷದಿಂದ ಖಾದಿ ಉಡುತ್ತಿದ್ದೇನೆ, ಶರ್ಟಿನ ವಿಷಯದಲ್ಲಿ ನನ್ನ ಓಟು ಖಾದಿಗೇ.

ನಮ್ಮ ಜಿಲ್ಲೆಯ ಗರಗ ಗ್ರಾಮದ ಖಾದಿ ರಾಷ್ಟ್ರಧ್ವಜಕ್ಕೆ ಹೋದ ಬಟ್ಟೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ 1957ರಲ್ಲಿ ಆರಂಭವಾದದ್ದು. ಅಲ್ಲಿ ಧ್ವಜದ ಬಟ್ಟೆಯನ್ನು ಎಳೆ ಎಣಿಸಿ, ತೂಕ ಮಾಡಿ, ಬಣ್ಣ ಪರೀಕ್ಷಿಸಿ, ಒಂದು ಅಳತೆ ತಪ್ಪಿದರೂ ತಿರಸ್ಕರಿಸುತ್ತಾರೆ. ಒಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ನೂಲುವ ತಾಯಂದಿರ ಕೈ ನೋಡಿ ಗಲಾಟೆ ಮಾಡುತ್ತಿದ್ದ ಹುಡುಗರೆಲ್ಲ ಸುಮ್ಮನಾದರು.

ಖಾದಿಯ ನೂಲು ಗಿರಣಿ ನೂಲಿನಷ್ಟು ಏಕಸಮ ಇರುವುದಿಲ್ಲ, ಹುರಿಯೂ ಮೆದು. ಎಳೆಗಳ ನಡುವೆ ಗಾಳಿಗೆ ಜಾಗ ಉಳಿಯುತ್ತದೆ. ಹೊಸತರಲ್ಲಿ ಒರಟು. ಐದಾರು ಒಗೆತ ಕಳೆದ ಮೇಲೆ ಮೈಗೆ ಒಗ್ಗುತ್ತದೆ, ಮೂರನೆಯ ವರ್ಷ ನಿಜವಾದ ಸುಖ. ನನ್ನ ಹಳೆಯ ಅಂಗಿಯೊಂದಕ್ಕೆ ಕಾಲರ್ ತಿರುವಿಸಿದ್ದೇನೆ. ಸವೆದ ಮಗ್ಗುಲು ಒಳಗೆ, ಹೊಸ ಮಗ್ಗುಲು ಹೊರಗೆ. ಈಗಿನ ದರ್ಜಿಗಳಲ್ಲಿ ಹಿರಿಯರನ್ನು ಕೇಳಿದರೆ ಮಾಡಿಕೊಡುತ್ತಾರೆ.

ಎಚ್ಚರಿಕೆ: ಖಾದಿ ಭಂಡಾರದಲ್ಲೇ ಪಾಲಿವಸ್ತ್ರ ಎಂಬುದೂ ಇರುತ್ತದೆ, ಅದರಲ್ಲಿ ಪಾಲಿಯೆಸ್ಟರ್ ಬೆರೆತಿರುತ್ತದೆ. ಬೇಸಿಗೆಗೆ ಶುದ್ಧ ಹತ್ತಿ ಖಾದಿ ಎಂದೇ ಕೇಳಿ. ಬಟ್ಟೆ ಕೊಂಡು ಹೊಲಿಸುವುದಾದರೆ ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ, ಹಿಂಡದೆ ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡಿ, ಆಮೇಲೆ ದರ್ಜಿಗೆ ಕೊಡಿ. ಕುಗ್ಗುವುದೆಲ್ಲ ಹೊಲಿಯುವ ಮೊದಲೇ ಕುಗ್ಗಲಿ. ಅದಕ್ಕಾಗಿ ಕಾಲು ಮೀಟರ್ ಹೆಚ್ಚಿಗೆ ಕೊಳ್ಳಿ.

ಕಡಲಬದಿ, ಕಿನ್ನಿಗೋಳಿ

ನಿಮ್ಮ ಕಡೆಯ ಬಿಸಿಲು ಬೇರೆ, ನಮ್ಮದು ಬೇರೆ ಮಾರಾಯ್ರೆ. ಇಲ್ಲಿ ಮಾರ್ಚಿನಲ್ಲಿ ಸೆಕೆ ಅಂದರೆ ಬೆವರು ಆರುವುದೇ ಇಲ್ಲ. ದಪ್ಪ ಖಾದಿ ಇಲ್ಲಿ ಒಣಗಲಿಕ್ಕೇ ಎರಡು ದಿನ ಬೇಕು. ನಮ್ಮ ಊರಿನ ಉಡುಪಿ ಸೀರೆ ಈ ಹವೆಗೇ ನೇಯ್ದದ್ದು: ಸಪೂರ ಹತ್ತಿ, ತೆಳು ಒಡಲು, ಸಣ್ಣ ಅಂಚು. ಬೆಳಿಗ್ಗೆ ಒಗೆದರೆ ಮಧ್ಯಾಹ್ನಕ್ಕೆ ಉಡಬಹುದು. ನನ್ನ ಅಮ್ಮ ಗದ್ದೆ ಕೆಲಸಕ್ಕೂ ಅದನ್ನೇ ಉಡುತ್ತಿದ್ದದ್ದು. 2016ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಸಿಕ್ಕಿತು. ಆದರೆ ನೇಯುವವರು ಬೆರಳೆಣಿಕೆಯಷ್ಟು ಉಳಿದಿದ್ದರು. ನಮ್ಮ ತಾಳಿಪಾಡಿ ನೇಕಾರರ ಸಂಘದಲ್ಲಿ ಕದಿಕೆ ಟ್ರಸ್ಟಿನವರು ಬಂದು ಕೆಲಸ ಶುರು ಮಾಡಿದ ಮೇಲೆ ಹೊಸಬರು ಮಗ್ಗಕ್ಕೆ ಕೂತದ್ದನ್ನು ನಾನೇ ಕಂಡಿದ್ದೇನೆ. ಮಗ್ಗದ ಶಬ್ದ ನಿಂತಿದ್ದ ಮನೆಯಲ್ಲಿ ಮತ್ತೆ ಲಾಳಿ ಓಡುವುದು ಕೇಳಿದರೆ ಏನೋ ಒಂದು ಸಂತೋಷ ಆಗ್ತದೆ.

ಇನ್ನೊಂದು, ಗಂಜಿ ಹಾಕಿದ ಸೀರೆಯನ್ನು ಮಳೆಗಾಲಕ್ಕೆ ಪೆಟ್ಟಿಗೆಯಲ್ಲಿ ಇಡಬೇಡಿ. ಬೂಸ್ಟು ಬರ್ತದೆ, ಬೆಳ್ಳಿಹುಳ ಗಂಜಿಯ ಆಸೆಗೆ ಬಟ್ಟೆಯನ್ನೂ ತಿಂತದೆ. ಗಂಜಿ ತೊಳೆದು ತೆಗೆದು, ಒಣ ಬಿಸಿಲಿನ ದಿನ ಒಣಗಿಸಿ, ಒಂದೆರಡು ಬಜೆ ತುಂಡು ಇಟ್ಟು ಮಡಚಿ. ತಿಂಗಳಿಗೊಮ್ಮೆ ಮಡಿಕೆ ಬದಲಿಸಿ.

ಎರಡನೇ ಪಾಳಿ, ತುಮಕೂರು

ಎಲ್ಲರ ಮಾತೂ ಸರಿ. ಆದರೆ ಒಂದು ಮಾತು ಹೇಳದೆ ಇರೋಕಾಗಲ್ಲ. ಮೂವರಿಗೆ ಹತ್ತು ಸಾವಿರ ಅನ್ನೋದು ನಮ್ಮ ಮನೆಯಲ್ಲಿ ತಿಂಗಳ ದಿನಸಿ ದುಡ್ಡು. ನನಗೆ ಇಬ್ಬರು ಮಕ್ಕಳು, ಹಬ್ಬಕ್ಕೆ ಎಲ್ಲರಿಗೂ ಸೇರಿ ಎರಡೂವರೆ ಸಾವಿರ ಎತ್ತಿಡೋದೇ ಕಷ್ಟ. ಆರುನೂರರ ಸೀರೆ ಉಡೋರು ತಿಳಿವಳಿಕೆ ಇಲ್ಲದೆ ಉಡ್ತಾರೆ ಅನ್ನೋ ಹಾಗೆ ಕೆಲವು ಕಡೆ ಬರೀತಾರೆ, ಓದಿದಾಗ ನೋವಾಗುತ್ತೆ. ಇಲ್ಲಿ ಯಾರೂ ಹಾಗೆ ಹೇಳಿಲ್ಲ, ಅದಕ್ಕೇ ಇಲ್ಲಿ ಬರೀತಿದ್ದೀನಿ. ನಮ್ಮಂಥವರಿಗೂ ಬಾಳಿಕೆ ಬರೋ ದಾರಿ ಇದ್ದರೆ ಹೇಳಿ.

ತೋಪುತೆನೆ, ಬಾಗಲಕೋಟೆ

ತಂಗಿ, ನಿನ್ನ ಮಾತು ಖರೇ ಐತಿ. ನಮ್ಮವ್ವನೂ ಮನ್ಯಾಗ ದಿನಾ ಉಡೋದು ಪವರ್‌ಲೂಮ್ ಸೀರಿನ. ತಾನು ಕೊಂಡಿ ಹಾಕಿದ ಸೀರಿ ಆಕಿ ಉಟ್ಟದ್ದು ಎರಡೇ ಸಲ, ಮಕ್ಕಳ ಮದಿವ್ಯಾಗ.

ಪೀಸ್ ಚೆಕಿಂಗ್, ಬೊಮ್ಮನಹಳ್ಳಿ

ತಂಗಿ, ನನ್ನ ಸಂಬಳದಲ್ಲಿ ನಾನು ಏನು ಮಾಡ್ತೀನಿ ಅಂತ ಹೇಳ್ತೀನಿ, ಕೇಳು. ರೆಡಿಮೇಡ್ ಬಿಟ್ಟು ತಾನಿನ ಬಟ್ಟೆ ತಗೋ. ಚಿಕ್ಕಪೇಟೆಯ ಒಳಗಲ್ಲಿಗಳಲ್ಲಿ, ನಿಮ್ಮೂರ ಕಟ್‌ಪೀಸ್ ಅಂಗಡಿಗಳಲ್ಲೂ, ತಾನಿನ ಕೊನೆಯ ಎರಡು ಮೂರು ಮೀಟರ್ ಕಡಿಮೆಗೆ ಕೊಡ್ತಾರೆ. ಬಟ್ಟೆ ಅದೇ, ಉಳಿದದ್ದು ಅಂತ ಬೆಲೆ ಇಳಿಸಿರ್ತಾರೆ. ಬೆಳಕಿಗೆ ಹಿಡಿದು ತೂತು, ಎಳೆ ತಪ್ಪಿದ ಗೀಟು ಇದೆಯಾ ನೋಡು. ಮುಷ್ಟಿಯಲ್ಲಿ ಹಿಸುಕಿ ಬಿಡು: ಸುಕ್ಕು ಒಂದಿಷ್ಟೂ ಬೀಳದಿದ್ದರೆ ಪಾಲಿಯೆಸ್ಟರ್ ಜಾಸ್ತಿ. ಬೀದಿಯ ಟೈಲರ್ ಹತ್ತಿರ ಹೋಗಿ "ಒಳಗೆ ಒಂದಿಂಚು ಬಟ್ಟೆ ಬಿಡಿ, ಸಣ್ಣ ಹೊಲಿಗೆ ಹಾಕಿ" ಅಂತ ಮೊದಲೇ ಹೇಳು. ಹೆಚ್ಚಿಗೆ ದುಡ್ಡು ಕೇಳಲ್ಲ.

ಮಕ್ಕಳಿಗೆ ಲಂಗ ಹೊಲಿಸುವಾಗ ಉದ್ದಕ್ಕೆ ಒಂದಿಷ್ಟು ಬಟ್ಟೆ ಹೆಚ್ಚು ಇಟ್ಟು, ಅಂಚಿನ ಮೇಲೆ ಎರಡು ಮಡಿಕೆ ಹಾಕಿಸು. ವರ್ಷಕ್ಕೊಂದು ಮಡಿಕೆ ಬಿಚ್ಚಿದರೆ ಮೂರು ಯುಗಾದಿ ಒಂದೇ ಲಂಗದಲ್ಲಿ ಆಗುತ್ತೆ. ಬಿಚ್ಚಿದ ಜಾಗದಲ್ಲಿ ಬಣ್ಣದ ಗೆರೆ ಉಳಿಯುತ್ತೆ, ಅದರ ಮೇಲೆ ಒಂದು ಲೇಸು ಕೂರಿಸು. ನನ್ನ ಮಗಳು ಆ ಲೇಸು ಇರೋದೇ ಚಂದ ಅಂತಾಳೆ.

ಎರಡನೇ ಪಾಳಿ, ತುಮಕೂರು

ತುಂಬಾ ಉಪಕಾರ ಆಯ್ತು ಅಕ್ಕಾ. ನಮ್ಮಮ್ಮನೂ ನನಗೆ ಹೀಗೇ ಮಡಿಕೆ ಹಾಕಿಸ್ತಿದ್ದರು. ನನಗೇ ಮರೆತು ಹೋಗಿತ್ತು.

ಅಡಿಕೆ ಚೊಗರು, ಸಾಗರ

ಕುರ್ತಾಗೆ ನನ್ನದೊಂದು ಸಲಹೆ. ನಮ್ಮ ಹೆಗ್ಗೋಡಿನ ಹತ್ತಿರ ಭೀಮನಕೋಣೆಯಲ್ಲಿ ಚರಕ ಅಂತ ಮಹಿಳೆಯರ ಸಹಕಾರ ಸಂಘ ಇದೆ. ರಂಗಕರ್ಮಿ ಪ್ರಸನ್ನ ಅವರ ಜೊತೆ ಊರಿನ ಹೆಣ್ಣುಮಕ್ಕಳು ಕಟ್ಟಿದ್ದು. ಕೈಮಗ್ಗದ ಹತ್ತಿ, ಸಹಜ ಬಣ್ಣ. ನಾವು ಅಡಿಕೆ ಬೇಯಿಸಿದ ಮೇಲೆ ಉಳಿಯೋ ಚೊಗರು ಅಲ್ಲಿ ಕೆಂಗಂದು ಬಣ್ಣ ಆಗುತ್ತೆ. ನೀಲಿ ಇಂಡಿಗೋದಿಂದ, ಹಳದಿ ದಾಳಿಂಬೆ ಸಿಪ್ಪೆಯಿಂದ. ಬಣ್ಣ ಮಿಂಚೋದಿಲ್ಲ, ತಂಪಾಗಿರುತ್ತೆ. "ದೇಸಿ" ಅನ್ನೋ ಹೆಸರಿನ ಅಂಗಡಿಗಳಲ್ಲಿ ಬೆಂಗಳೂರಲ್ಲೂ ಸಿಗುತ್ತೆ. ಸೋಪಿನ ಪುಡಿ ಹಾಕಬೇಡಿ, ಅಂಟುವಾಳದ ನೀರು ಸಾಕು, ನೆರಳಲ್ಲೇ ಒಣಗಿಸಿ.

ಮತ್ತೆ ಬಣ್ಣ ಬಿಡೋ ಬಟ್ಟೆಯನ್ನ ಮೊದಲ ಸಲ ಉಪ್ಪುನೀರಲ್ಲಿ ನೆನೆಸಿ, ಬಣ್ಣ ಗಟ್ಟಿಯಾಗುತ್ತೆ.

ನೂಲಿನ ಲೆಕ್ಕ, ಮೈಸೂರು

ಉಪ್ಪಿನ ಮಾತು ಎಲ್ಲಾ ಮನೆಯಲ್ಲೂ ಇದೆ, ನಮ್ಮಮ್ಮನೂ ಹೇಳ್ತಾರೆ. ಆದರೆ ಬಣ್ಣ ಗಟ್ಟಿ ಆಗೋದು ಬಣ್ಣ ಹಾಕುವ ಹೊತ್ತಿನಲ್ಲಿ. ಬಣ್ಣದ ತೊಟ್ಟಿಯಲ್ಲಿ ಉಪ್ಪು ಹಾಕ್ತಾರೆ ನಿಜ, ಅದು ಬಣ್ಣವನ್ನ ನೀರಿನಿಂದ ನಾರಿನ ಕಡೆ ತಳ್ಳೋಕೆ. ಅದನ್ನ ನಾರಿಗೆ ಕಟ್ಟೋದು ಬೇರೆ ಕೆಲಸ: ಕೆಲವು ರಾಸಾಯನಿಕ ಬಣ್ಣಕ್ಕೆ ಸೋಡಾ, ಸಹಜ ಬಣ್ಣಕ್ಕೆ ಪಟಿಕ, ಅಳಲೆಕಾಯಿ. ಹೊಲಿದ ಬಟ್ಟೆಯನ್ನ ಮನೆಯಲ್ಲಿ ಉಪ್ಪಿಗೆ ಹಾಕಿದರೆ ಕಟ್ಟದೆ ಉಳಿದ ಬಣ್ಣ ಕಟ್ಟಿಕೊಳ್ಳಲ್ಲ. ತಣ್ಣೀರಲ್ಲಿ ಬೇರೆಯಾಗಿ ಎರಡು ಮೂರು ಸಲ ಜಾಲಿಸಿ, ಹೆಚ್ಚುವರಿ ಬಣ್ಣ ಹೋಗಿಬಿಡಲಿ. ಒದ್ದೆ ಬಿಳಿ ಕರವಸ್ತ್ರದಲ್ಲಿ ಉಜ್ಜಿ ನೋಡಿ, ಹತ್ತದಿದ್ದರೆ ಮಿಕ್ಕ ಬಟ್ಟೆ ಜೊತೆ ಹಾಕಬಹುದು. ಇಂಡಿಗೋ ಮಾತ್ರ ಮೊದಮೊದಲು ಉಜ್ಜಿದರೆ ಹತ್ತುತ್ತೆ, ಅದರ ಸ್ವಭಾವವೇ ಹಾಗೆ.

ಅಡಿಕೆ ಚೊಗರು, ಸಾಗರ

ಹೌದಾ! ಇಷ್ಟು ವರ್ಷ ಉಪ್ಪು ಸುರಿದಿದ್ದೀನಿ. ಪಟಿಕದ ಮಾತು ಹೇಳಿದ್ದು ಒಳ್ಳೇದಾಯ್ತು, ಅಳಲೆಕಾಯಿ ಅಲ್ಲೂ ಬಳಸೋದು ನೋಡಿದ್ದೆ, ಯಾಕೆ ಅಂತ ಗೊತ್ತಿರಲಿಲ್ಲ.

ದೂರದ ಮಾವು, ಟೊರಾಂಟೊ

ನಾವಿಲ್ಲಿ ಯುಗಾದಿ ಮಾಡೋ ಹೊತ್ತಿಗೆ ಹೊರಗೆ ಇನ್ನೂ ಹಿಮದ ಗುಡ್ಡೆ ಕರಗಿರಲ್ಲ. ಮಾವಿನ ಎಲೆ ಸಿಕ್ಕಲ್ಲ, ತೋರಣ ಕಾಗದದ್ದು. ಹತ್ತಿ ಸೀರೆ ಉಡಬೇಕು ಅನ್ನೋ ಆಸೆ ಬಿಡೋಕಾಗಲ್ಲ. ಒಳಗೆ ತೆಳು ಮೆರಿನೋ ಉಣ್ಣೆಯ ಉದ್ದತೋಳಿನ ಬನಿಯನ್, ಕಾಲಿಗೂ ಅದೇ, ಮೇಲೆ ಅಮ್ಮ ಕಳಿಸಿದ ಇಳಕಲ್. ಖಣದ ಕುಬಸವನ್ನ ಆ ಬನಿಯನ್ ಮೇಲೆ ಹಿಡಿಸೋ ಹಾಗೆ ಒಂದಿಂಚು ಸಡಿಲ ಹೊಲಿಸಿದ್ದೀನಿ. ಮೇ ಬಂದರೆ ಬನಿಯನ್ ಬೀರುವಿಗೆ, ಮೈಮೇಲೆ ಸೀರೆ ಕುಬಸ ಮಾತ್ರ. ಒಂದೇ ಸೀರೆ ಎರಡೂ ಕಾಲಕ್ಕೆ. ತೋಪುತೆನೆ ಅಣ್ಣಾ, ನಿಮ್ಮ ಬರಹ ಓದಿ ಸೆರಗಿನ ಹತ್ತಿರ ಬೆರಳಾಡಿಸಿದೆ. ಕೊಂಡಿ ಕೈಗೆ ಸಿಕ್ಕಿತು. ಒಂಬತ್ತು ವರ್ಷದಿಂದ ಉಡ್ತಿದ್ದೀನಿ, ಅದು ಅಲ್ಲಿದೆ ಅಂತಲೇ ಗೊತ್ತಿರಲಿಲ್ಲ.

ತೋಪುತೆನೆ, ಬಾಗಲಕೋಟೆ

ಅವ್ವನ ಮುಂದ ಈ ಮಾತು ಓದಿ ಹೇಳಿದೆ. ಎಲ್ಲಿ ಐತಿ ಟೊರಾಂಟೊ ಅಂತ ಕೇಳಿದಳು. ಮ್ಯಾಪ್‌ನಾಗ ತೋರಿಸಿದೆ.

ಹೊಂಗೆಚಿಗುರು, ಬೆಂಗಳೂರು

ಯುಗಾದಿ ಆಗಿ ನಾಲ್ಕು ದಿನ. ಏನಾಯ್ತು ಅಂತ ಹೇಳಲೇಬೇಕು.

ಸೀರೆ ದಾಳಿಂಬೆ ಬಣ್ಣದ ಹತ್ತಿ ಇಳಕಲ್, ಚಿಕ್ಕಿಪರಾಸ ದಡಿ, 3,400 ರೂಪಾಯಿ. ಹ್ಯಾಂಡ್‌ಲೂಮ್ ಮಾರ್ಕ್ ಕೇಳಿದ್ದಕ್ಕೆ ಮೊದಲು ತೋರಿಸಿದ ಎರಡು ಸೀರೆ ಒಳಗೆ ಹೋದವು, ಮೂರನೆಯದು ಬಂತು. ಖಣ 450, ಹೊಲಿಗೆ ಬೇರೆ. ಕುರ್ತಾ ಅಡಿಕೆ ಚೊಗರಿನ ಬಣ್ಣದ್ದು, 1,500. ಭುಜ ಹಿಡಿದು ನೇತುಬಿಟ್ಟೆ, ಒಳಗು ತಿರುಗಿಸಿ ಎಣಿಸಿದೆ: ಹನ್ನೊಂದು! ಅಂಗಡಿಯ ಹುಡುಗಿ ನನ್ನನ್ನೇ ನೋಡ್ತಾ ಇದ್ದಳು. ಆಮೇಲೆ ತಾನೂ ಒಂದು ತೆಗೆದು ಎಣಿಸೋಕೆ ಶುರು ಮಾಡಿದಳು.

ಯಜಮಾನರಿಗೆ ಖಾದಿ ಬಟ್ಟೆ ತಂದು, ಮೇಷ್ಟ್ರು ಹೇಳಿದ ಹಾಗೆ ರಾತ್ರಿ ನೆನೆಹಾಕಿ ಹೊಲಿಸಿದೆವು. ಎರಡೂಕಾಲು ಮೀಟರಿನಲ್ಲಿ ನಾಲ್ಕು ಬೆರಳು ಕುಗ್ಗಿತು. ನೆನೆಹಾಕದೆ ಕೊಟ್ಟಿದ್ದರೆ ಆ ನಾಲ್ಕು ಬೆರಳು ಶರ್ಟಿನಲ್ಲಿ ಹೋಗ್ತಿತ್ತು. ಬಟ್ಟೆ, ಹೊಲಿಗೆ ಸೇರಿ 1,350. ಪಂಚೆ 80ರದ್ದು, 620. ಅವರು ಹಬ್ಬದ ದಿನ ಉಟ್ಟಿದ್ದು ಸಂಜೆವರೆಗೂ ಬಿಚ್ಚಲಿಲ್ಲ. ಪ್ರತಿ ವರ್ಷ ಪೂಜೆ ಮುಗಿದ ತಕ್ಷಣ ಬರ್ಮುಡಾಗೆ ಓಡೋರು.

ಮಗಳ ಲಂಗಕ್ಕೆ ಟೈಲರ್ ಅಜ್ಜನ ಹತ್ತಿರ ಎರಡು ಮಡಿಕೆ ಹಾಕಿ ಅಂದೆ. ಅವರು ಕನ್ನಡಕ ಏರಿಸಿ ನೋಡಿ, "ಈ ಮಾತು ಕೇಳಿ ಎಷ್ಟೋ ವರ್ಷ ಆಯ್ತಮ್ಮ" ಅಂದರು. ಮಡಿಕೆಗೆ ಹೊಲಿಗೆ ಕೂಲಿ ತಗೊಳ್ಳಲಿಲ್ಲ. ಮಗಳು ಬೇವುಬೆಲ್ಲ ತಿಂದು ಮುಖ ಕಿವುಚಿಕೊಂಡು, ಕನ್ನಡಿ ಮುಂದೆ ನಿಂತು ಮಡಿಕೆ ಮುಟ್ಟಿ ಮುಟ್ಟಿ ನೋಡಿದಳು. ಯಾವ ಹಬ್ಬಕ್ಕೆ ಮೊದಲನೇದು ಬಿಚ್ಚೋದು ಅಂತ ಈಗಲೇ ಕೇಳ್ತಿದ್ದಾಳೆ.

ಇನ್ನು ಹಳೇ 23 ಕುರ್ತಾ. ಹಾಕದೆ ಇರೋ ಹತ್ತಿಯವನ್ನ ಏನು ಮಾಡಲಿ? ಅಜ್ಜಿ ಹೊಲಿದ ಹಾಗೆ ಕೌದಿ ಹೊಲಿಯೋದು ಇಲ್ಲಿ ಯಾರಿಗಾದರೂ ಬರುತ್ತಾ?

ತೋಪುತೆನೆ, ಬಾಗಲಕೋಟೆ

ನಮ್ಮ ಓಣ್ಯಾಗ ಮೂರು ಮಂದಿ ಮುದುಕಿಯರು ಅದಾರ ಅಕ್ಕಾರ. ಅರಿವಿ ಒಗೆದು, ಗುಂಡಿ ಕಾಜಾ ಕತ್ತರಿಸಿ ಕಳಸ್ರಿ. ಪಾಲಿಯೆಸ್ಟರ್ ಮಾತ್ರ ಹಾಕಬ್ಯಾಡ್ರಿ, ಸೂಜಿ ಜಾರತದ ಅಂತ ಬೈತಾರ.